ಒಂದು ಎಕರೆ ಪಾರ್ಕ್: ಖಾತೆ, ನೀರು, ನೆರಳು, ನಿರ್ವಹಣೆ

ಕ್ರಿಯಾ ಯೋಜನೆಯಲ್ಲಿ ಪಾರ್ಕಿಗೆಂದು ಹಣ ಬಂದ ಕೂಡಲೇ ಎಸ್ಟಿಮೇಟ್‌ನಲ್ಲಿ ಮೊದಲು ಕಾಣಿಸುವುದು ಕಾಂಪೌಂಡ್, ಕಮಾನು, ಕಾರಂಜಿ, ಟೈಲ್ಸ್. ನೀರು ಎಲ್ಲಿಂದ, ಮಾಲಿ ಯಾರು ಎಂಬ ಎರಡು ಪ್ರಶ್ನೆಗೆ ಅದರಲ್ಲಿ ಒಂದು ಸಾಲೂ ಇರುವುದಿಲ್ಲ. ಉದ್ಘಾಟನೆಯಾಗಿ ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಹುಲ್ಲು ಒಣಗುತ್ತದೆ, ಕಾರಂಜಿಯ ತೊಟ್ಟಿಯಲ್ಲಿ ಸೊಳ್ಳೆಮರಿ ತುಂಬುತ್ತವೆ, ಗೇಟಿಗೆ ಬೀಗ ಬೀಳುತ್ತದೆ. ಪಾರ್ಕ್ ಮಾಡಲು ಹೊರಟ ಪುರಸಭೆ, ನಗರಸಭೆಗಳ ಸಿಬ್ಬಂದಿಗೆ, ವಾರ್ಡಿನ ಸದಸ್ಯರಿಗೆ, ನಿವಾಸಿಗಳ ಸಂಘದವರಿಗೆ ನಾವು ಹೇಳುವುದು ಇಷ್ಟೇ: ಪ್ರತಿದಿನ ಬೇಕಾಗುವುದನ್ನು ಮೊದಲು ಲೆಕ್ಕ ಹಾಕಿ, ಕಟ್ಟುವುದನ್ನು ಆಮೇಲೆ ನೋಡಿ. ಉದಾಹರಣೆಗೆ ಬಡಾವಣೆಯ ಒಂದು ಎಕರೆ ಜಾಗವನ್ನು ಹಿಡಿಯೋಣ. ಅಂದರೆ 4,047 ಚದರ ಮೀಟರ್. ಕೇಂದ್ರ ಸರ್ಕಾರದ 2014ರ ನಗರ ಯೋಜನಾ ಮಾರ್ಗಸೂಚಿ 5,000 ಜನರಿಗೆ 5,000 ಚದರ ಮೀಟರಿನ ಒಂದು ಪಾರ್ಕ್ ಇರಬೇಕೆನ್ನುತ್ತದೆ. ನಮ್ಮ ಒಂದು ಎಕರೆ ಅದಕ್ಕಿಂತ ಸ್ವಲ್ಪ ಚಿಕ್ಕದು.

ಜಾಗ ಯಾರ ಹೆಸರಿನಲ್ಲಿದೆ?

ಬಡಾವಣೆ ನಕ್ಷೆಯಲ್ಲಿ ಹಸಿರು ಬಣ್ಣ ಬಳಿದು ‘ಉದ್ಯಾನ’ ಎಂದು ಬರೆದಿದ್ದರೆ ಸಾಲದು. ಆ ಜಾಗವನ್ನು ಬಡಾವಣೆ ಮಾಡಿದವರು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟ ನೋಂದಾಯಿತ ಪತ್ರ ಇದೆಯೇ, ಸಂಸ್ಥೆಯ ಆಸ್ತಿ ವಹಿಯಲ್ಲಿ ನಮೂದಾಗಿದೆಯೇ, ಸ್ಥಳೀಯ ಸಂಸ್ಥೆಗಳ ಆಸ್ತಿ ದಾಖಲೆಯ ತಂತ್ರಾಂಶವಾದ ಇ-ಆಸ್ತಿಯಲ್ಲಿ ಖಾತೆ ಆಗಿದೆಯೇ ಎಂದು ಮೊದಲು ನೋಡಿ. ಈ ಮೂರರಲ್ಲಿ ಒಂದು ತಪ್ಪಿದರೂ ಹತ್ತು ವರ್ಷದ ಮೇಲೆ ಅದೇ ಜಾಗಕ್ಕೆ ಬೇರೆ ಖಾತೆ ಹುಟ್ಟಿಕೊಂಡು ನಿವೇಶನವಾಗಿ ಮಾರಾಟವಾಗಬಹುದು. ಸರ್ವೆಯವರಿಂದ ಅಳತೆ ಮಾಡಿಸಿ, ಮೂಲೆಗಳಿಗೆ ಕಲ್ಲು ನೆಡಿಸಿ, ಅಳತೆ ನಕ್ಷೆಯ ಪ್ರತಿಯನ್ನು ಕಡತದಲ್ಲಿಡಿ. ಪಕ್ಕದ ಮನೆಯ ಮೆಟ್ಟಿಲೋ ಕಾರ್ ಶೆಡ್ಡೋ ಒಂದೂವರೆ ಅಡಿ ಒಳಗೆ ಬಂದಿರುವುದು ಈ ಹಂತದಲ್ಲೇ ಗೊತ್ತಾಗಬೇಕು, ಕಾಂಪೌಂಡ್ ಕಟ್ಟಿದ ಮೇಲಲ್ಲ.

ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗೆ 1985ರ ಕಾಯ್ದೆ ಇದೆ. ಪಟ್ಟಿಯಲ್ಲಿರುವ ಪಾರ್ಕನ್ನು ಬೇರೆ ಕೆಲಸಕ್ಕೆ ಬಳಸಲು ಅದು ಬಿಡುವುದಿಲ್ಲ, ಆದ್ದರಿಂದ ನಿಮ್ಮ ಜಾಗ ಆ ಪಟ್ಟಿಯಲ್ಲಿ ಸೇರಿದೆಯೇ ಎಂದು ಕೇಳಿ. ‘ಮೂಲೆಯಲ್ಲಿ ಸ್ವಲ್ಪ ಜಾಗ ಕೊಡಿ’ ಎಂದು ಸಮುದಾಯ ಭವನಕ್ಕೋ ಮಂದಿರಕ್ಕೋ ಟ್ಯಾಂಕಿಗೋ ಕೇಳಿಕೊಂಡು ಬರುವವರು ಎಲ್ಲ ಊರಲ್ಲೂ ಇರುತ್ತಾರೆ. ಬೆಂಗಳೂರಿನಲ್ಲಿ ಪಾರ್ಕಿಗೆ ಮೀಸಲಾಗಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಹಂಚಿದ್ದನ್ನು ನಿವಾಸಿಗಳು ಪ್ರಶ್ನಿಸಿದರು. ಹಂಚಿಕೆ ರದ್ದಾಯಿತು, 1991ರಲ್ಲಿ ಸುಪ್ರೀಂ ಕೋರ್ಟ್ ಕೂಡ ನಿವಾಸಿಗಳ ಪರವಾಗಿಯೇ ತೀರ್ಪು ಕೊಟ್ಟಿತು. ಆಸ್ಪತ್ರೆಗೇ ಆ ಜಾಗ ಸಲ್ಲಲಿಲ್ಲ ಎಂಬುದನ್ನು ಅಂಥವರಿಗೆ ನೆನಪಿಸಿ.

ನೀರಿನ ಲೆಕ್ಕ

ಬೇಸಿಗೆಯಲ್ಲಿ ಹುಲ್ಲುಹಾಸಿಗೆ ಒಂದು ಚದರ ಮೀಟರಿಗೆ ದಿನಕ್ಕೆ ಸುಮಾರು 5 ಲೀಟರ್ ಬೇಕು. ಎಕರೆಯಲ್ಲಿ 2,500 ಚದರ ಮೀಟರ್ ಹುಲ್ಲು ಹಾಸಿದರೆ ದಿನಕ್ಕೆ 12,500 ಲೀಟರ್. ಚಿಕ್ಕ ಟ್ಯಾಂಕರಿನಲ್ಲಿ ಎರಡು ಲೋಡಿಗೂ ಮೀರುತ್ತದೆ. ಯಾವ ಪಟ್ಟಣವೂ ಏಪ್ರಿಲ್‌ನಲ್ಲಿ ಇಷ್ಟು ಕೊಡಲಾರದು, ಕೊಡಲೂ ಬಾರದು. ಬದಲಿಗೆ ಹುಲ್ಲನ್ನು ಮಕ್ಕಳು ಹೊರಳಾಡುವ, ಹಿರಿಯರು ಕೂರುವ ಒಂದೇ ಕಡೆ 600 ಚದರ ಮೀಟರಿಗೆ ನಿಲ್ಲಿಸಿ. ಅದಕ್ಕೆ 3,000 ಲೀಟರ್. 400 ಚದರ ಮೀಟರ್ ಹೂವಿನ ಪಾತಿ, ಪೊದೆಗಿಡಗಳಿಗೆ 1,200. ಅರವತ್ತು ಎಳೆ ಮರಗಳಿಗೆ ಮೂರು ದಿನಕ್ಕೊಮ್ಮೆ 25 ಲೀಟರಿನಂತೆ ದಿನಕ್ಕೆ 500. ಒಟ್ಟು 5,000 ಲೀಟರಿನೊಳಗೆ ಮುಗಿಯುತ್ತದೆ. 10,000 ಲೀಟರಿನ ಸಂಪ್ ಕಟ್ಟಿದರೆ ಎರಡು ದಿನ ಕರೆಂಟ್ ಇಲ್ಲದಿದ್ದರೂ ನಡೆಯುತ್ತದೆ.

ಮೂಲವಾಗಿ ಬೋರ್‌ವೆಲ್ ಒಂದನ್ನೇ ನಂಬಬೇಡಿ. ಹತ್ತಿರದಲ್ಲಿ ಕೊಳಚೆ ನೀರು ಸಂಸ್ಕರಣಾ ಘಟಕವಿದ್ದರೆ ಆ ನೀರನ್ನು ತರಿಸಿ. ಬೆಂಗಳೂರಿನಲ್ಲಿ 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಆದೇಶಿಸಿತ್ತು. ನಿಮ್ಮ ಊರಿಗೂ ಅಂಥ ಬೇಸಿಗೆ ಬಂದೇ ಬರುತ್ತದೆ. ಸಂಸ್ಕರಿಸಿದ ನೀರಿಗೆ ಬೇರೆಯೇ ಬಣ್ಣದ ಪೈಪ್ ಹಾಕಿ, ‘ಕುಡಿಯುವ ನೀರಲ್ಲ’ ಎಂದು ಪ್ರತಿ ನಲ್ಲಿಯ ಮೇಲೂ ಬರೆಸಿ. ಸ್ಪ್ರಿಂಕ್ಲರ್‌ನಲ್ಲಿ ಚಿಮ್ಮಿಸದೆ ಪೈಪಿನಲ್ಲಿ ಬುಡಕ್ಕೆ ಬಿಡಿ. ಜನ ಇಲ್ಲದ ಹೊತ್ತು ನೋಡಿಕೊಂಡು ಬಿಟ್ಟರೆ ಇನ್ನೂ ಒಳ್ಳೆಯದು. ಇಪ್ಪತ್ತೈದು ಮೀಟರಿಗೊಂದು ನಲ್ಲಿ ಪಾಯಿಂಟ್ ಇರಬೇಕು. ದೂರವಾದರೆ ಮಾಲಿ ಪೈಪ್ ಎಳೆಯಲಾರದೆ ಆ ಮೂಲೆಯನ್ನು ಬಿಟ್ಟೇ ಬಿಡುತ್ತಾನೆ, ಮೊದಲು ಸಾಯುವುದು ಅಲ್ಲಿಯ ಗಿಡಗಳು.

ಇನ್ನು ಮಳೆನೀರು. ಒಂದು ಮಿಲಿಮೀಟರ್ ಮಳೆ ಎಂದರೆ ಚದರ ಮೀಟರಿಗೆ ಒಂದು ಲೀಟರ್. ಒಂದು ಸಂಜೆ 30 ಮಿಲಿಮೀಟರ್ ಸುರಿದರೆ ಎಕರೆಯ ಮೇಲೆ ಬೀಳುವುದು 1,20,000 ಲೀಟರಿಗೂ ಹೆಚ್ಚು. ಎಸ್ಟಿಮೇಟ್‌ನಲ್ಲಿ ಸಾಮಾನ್ಯವಾಗಿ ಬರೆಯುವ ಇಂಗುಗುಂಡಿ 1.2 ಮೀಟರ್ ಅಗಲದ ಸಿಮೆಂಟ್ ರಿಂಗ್ ಇಳಿಸಿ 3 ಮೀಟರ್ ಆಳ ತೋಡಿದ್ದು. ಅದು ಒಮ್ಮೆಗೆ ಹಿಡಿಯುವುದು 3,400 ಲೀಟರ್ ಮಾತ್ರ. ಅದರ ಬದಲು ತಗ್ಗಿನ ಕಡೆ 300 ಚದರ ಮೀಟರ್ ಜಾಗವನ್ನು ಸುತ್ತಲ ನೆಲಕ್ಕಿಂತ 15 ಸೆಂಟಿಮೀಟರ್ ಕೆಳಗೆ ಇಳಿಸಿ ಗರಿಕೆ ಬೆಳೆಸಿ. 45,000 ಲೀಟರ್ ಅಲ್ಲೇ ನಿಂತು ಇಂಗುತ್ತದೆ, ಒಣಗಿದ ದಿನಗಳಲ್ಲಿ ಮಕ್ಕಳು ಅಲ್ಲೇ ಆಡುತ್ತಾರೆ. ಇಂಗುಗುಂಡಿಗಳನ್ನು ಅದರೊಳಗೇ ತೋಡಿ, ಮೊದಲು ಒಂದು ಹೂಳುಗುಂಡಿಯಲ್ಲಿ ನೀರು ನಿಂತು ಮುಂದೆ ಹೋಗುವಂತೆ ಮಾಡಿ. ಇಲ್ಲದಿದ್ದರೆ ಎರಡೇ ಮಳೆಗಾಲದಲ್ಲಿ ಕೆಸರು ಕಟ್ಟಿ ಮುಚ್ಚಿಹೋಗುತ್ತದೆ. ನಿಂತ ನೀರು ಎರಡು ದಿನದೊಳಗೆ ಖಾಲಿಯಾಗಬೇಕು. ವಾರಗಟ್ಟಲೆ ನಿಂತರೆ ಅದು ಸೊಳ್ಳೆಯ ಸಾಕಣೆ.

ಕೆಲಸ ಶುರುವಾಗುವ ಮುಂಚೆ ಒಂದು ಜೋರು ಮಳೆಯಲ್ಲಿ ಜೆಇ (ಕಿರಿಯ ಎಂಜಿನಿಯರ್) ಮತ್ತು ನಿವಾಸಿಗಳು ಛತ್ರಿ ಹಿಡಿದು ಜಾಗ ಸುತ್ತಿ, ನೀರು ನಿಂತ ಕಡೆಗಳಿಗೆ ಗೂಟ ಹೊಡೆದು ಬನ್ನಿ. ಆ ಗೂಟಗಳು ಯಾವ ಲೆವೆಲ್ ಸರ್ವೆಗೂ ಕಡಿಮೆಯಲ್ಲ.

ನಡಿಗೆ ದಾರಿ

ಚೌಕಾಕಾರದ ಒಂದು ಎಕರೆಯ ಒಂದೊಂದು ಬದಿ ಸುಮಾರು 64 ಮೀಟರ್. ಕಾಂಪೌಂಡಿನಿಂದ 5 ಮೀಟರ್ ಒಳಗೆ ದಾರಿ ಹಾಕಿದರೆ ಒಂದು ಸುತ್ತು 216 ಮೀಟರ್. ಐದು ಸುತ್ತಿಗೆ ಒಂದು ಕಿಲೋಮೀಟರ್ ದಾಟುತ್ತದೆ. ಹೊರಗಿನ 5 ಮೀಟರಿನಲ್ಲಿ ಮರದ ಸಾಲು ಬರುತ್ತದೆ. ಗೋಡೆಗೆ ಅಂಟಿಸಿ ದಾರಿ ಹಾಕಿದವರಿಗೆ ನೆರಳೂ ಸಿಗುವುದಿಲ್ಲ, ಬೇರಿಗೆ ಜಾಗವೂ ಇರುವುದಿಲ್ಲ. ಅಗಲ 1.8 ಮೀಟರ್ ಇರಲಿ, ಇಬ್ಬರು ಪಕ್ಕಪಕ್ಕ ನಡೆಯುವಾಗ ಎದುರಿನಿಂದ ಬಂದ ಗಾಲಿಕುರ್ಚಿಗೂ ದಾರಿ ಬಿಡಬಹುದು. ಏರು ಇರುವ ಕಡೆ ಮೆಟ್ಟಿಲು ಬೇಡ, 12 ಅಡಿಗೆ 1 ಅಡಿ ಏರುವ ಇಳಿಜಾರು ಸಾಕು. ದ್ವಿಚಕ್ರ ವಾಹನ ತಡೆಯಲೆಂದು ಗೇಟಿನಲ್ಲಿ ಸುರುಳಿ ಕಂಬಿ ಹಾಕುತ್ತಾರಲ್ಲ, ಅದು ಮೊದಲು ತಡೆಯುವುದು ಗಾಲಿಕುರ್ಚಿಯವರನ್ನು. ಬದಲಿಗೆ 90 ಸೆಂಟಿಮೀಟರ್ ಅಂತರಕ್ಕೆ ಕಲ್ಲುಕಂಬ ನೆಡಿ. ಬೈಕ್ ನುಗ್ಗಬಹುದು, ನಿಜ. ಅದನ್ನು ಕಾವಲಿನಿಂದ ತಡೆಯಬೇಕೇ ಹೊರತು ನಡೆಯಲಾರದವರನ್ನು ಹೊರಗಿಟ್ಟು ಅಲ್ಲ.

ಪೇವರ್ (ಜೋಡಿಸಿ ಹಾಸುವ ಸಿಮೆಂಟ್ ಇಟ್ಟಿಗೆ) ಹಾಕುವುದಾದರೆ ಮಣ್ಣನ್ನು ರೋಲರ್‌ನಲ್ಲಿ ಗಟ್ಟಿ ಮಾಡಿ, 15 ಸೆಂಟಿಮೀಟರ್ ಜಲ್ಲಿ ಹಾಸಿ ಮತ್ತೆ ದಮ್ಮಾಸು ಮಾಡಿ, ಮೇಲೆ 3ರಿಂದ 4 ಸೆಂಟಿಮೀಟರ್ ಎಂ ಸ್ಯಾಂಡ್, ಆಮೇಲೆ 60 ಮಿಲಿಮೀಟರ್ ಪೇವರ್. ಎರಡೂ ಅಂಚಿಗೆ ಕರ್ಬ್ ಕಲ್ಲು ಕಾಂಕ್ರೀಟಿನಲ್ಲಿ ಕೂರಬೇಕು, ಇಲ್ಲದಿದ್ದರೆ ಪೇವರ್‌ಗಳು ಅಕ್ಕಪಕ್ಕಕ್ಕೆ ಸರಿದು ಬಾಯಿ ಬಿಡುತ್ತವೆ. ದಾರಿಯ ಮೇಲ್ಮೈ ಅಗಲದಲ್ಲಿ ಐವತ್ತಕ್ಕೆ ಒಂದರಂತೆ ಓರೆಯಾಗಿರಲಿ, ಪಕ್ಕದ ಮಣ್ಣು ದಾರಿಗಿಂತ 2 ಸೆಂಟಿಮೀಟರ್ ಕೆಳಗಿರಲಿ. ಮಣ್ಣು ಮೇಲಿದ್ದರೆ ಪ್ರತಿ ಮಳೆಗೂ ಕೆಸರು ದಾರಿಗೆ ಹರಿದು ಪಾಚಿ ಕಟ್ಟುತ್ತದೆ, ಮುಂಜಾನೆ ನಡೆಯುವ ಹಿರಿಯರು ಜಾರಿ ಬೀಳುವುದು ಅಲ್ಲೇ. ಹೊಳೆಯುವ ಟೈಲ್ಸ್ ಅಂತೂ ಬೇಡವೇ ಬೇಡ.

ಮರ

ಬಯಲುಸೀಮೆಗೆ ಹೊಂಗೆ, ಬೇವು, ನೇರಳೆ, ಕಕ್ಕೆ. ಮಲೆನಾಡು, ಕರಾವಳಿಗೆ ಸುರಹೊನ್ನೆ, ರಂಜೆ, ಸಂಪಿಗೆ. ಕರೆಂಟ್ ತಂತಿಯ ಕೆಳಗೆ ಪಾರಿಜಾತ, ಕರಿಬೇವು, ದಾಸವಾಳ. ಗುಲ್‌ಮೊಹರ್, ಆಕಾಶಮಲ್ಲಿಗೆ ನೋಡಲು ಚೆಂದವೇ, ಆದರೆ ಗಾಳಿಮಳೆಗೆ ಮೊದಲು ಮುರಿಯುವುದೂ ಅವೇ. ಮಕ್ಕಳಾಡುವ ಕಡೆ, ಬೆಂಚಿನ ಮೇಲೆ ಬೇಡ. ಬೇಗ ಹಸಿರಾಗುತ್ತದೆಂದು ಗುತ್ತಿಗೆದಾರರು ತರುವ ಕೋನೋಕಾರ್ಪಸ್ ಕೂಡ ಬೇಡ, ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿದೆ.

ಗುಂಡಿ ಉದ್ದ, ಅಗಲ, ಆಳ ಮೂರೂ 3 ಅಡಿ. ಬಡಾವಣೆ ಜಾಗದಲ್ಲಿ ಅಗೆದರೆ ಇಟ್ಟಿಗೆ ಚೂರು, ಸಿಮೆಂಟ್ ಹೆಂಟೆ ಬರುವುದು ಹೆಚ್ಚು, ಅದನ್ನೇ ಮತ್ತೆ ತುಂಬಬಾರದು. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಕೊಳೆತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು, ಗೆದ್ದಲಿಗೆ ಅರ್ಧ ಕಿಲೋ ಬೇವಿನ ಹಿಂಡಿ. ನೆಡುವುದು ಜೂನ್‌ನಲ್ಲಿ, 6ರಿಂದ 8 ಅಡಿಯ ಸಸಿ. ಪ್ಲಾಸ್ಟಿಕ್ ಚೀಲವನ್ನು ಪೂರ್ತಿ ಹರಿದು ತೆಗೆಯಿರಿ. ಚೀಲದೊಳಗೆ ಬೇರು ಸುತ್ತಿಕೊಂಡಿದ್ದರೆ ಬೆರಳಿನಿಂದ ಬಿಡಿಸಿ, ಬಿಡಿಸಲಾಗದ್ದನ್ನು ಕತ್ತರಿಸಿ. ಸುತ್ತಿದ ಬೇರನ್ನು ಹಾಗೇ ನೆಟ್ಟ ಮರ ಹತ್ತು ವರ್ಷ ಚೆನ್ನಾಗಿದ್ದು ಒಂದು ಗಾಳಿಗೆ ಬುಡಸಮೇತ ಮಗುಚುತ್ತದೆ. ಆಸರೆಯ ಕಡ್ಡಿಗೆ ತೆಂಗಿನ ನಾರಿನ ಹಗ್ಗವನ್ನು ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿ. ತಂತಿ ಕಟ್ಟಿದರೆ ತೊಗಟೆ ಕೊಯ್ಯುತ್ತದೆ. ಬುಡದ ಸುತ್ತ ಕನಿಷ್ಠ 4 ಅಡಿ ಚೌಕ ಮಣ್ಣು ಬಿಡಿ, ಪೇವರ್ ಕೆಲಸದವರು ಬುಡದವರೆಗೂ ಸಿಮೆಂಟ್ ಮೆತ್ತದಂತೆ ಎದುರಿಗೇ ನಿಂತು ನೋಡಿಕೊಳ್ಳಿ.

ಉದುರಿದ ಎಲೆಗೆ ಬೆಂಕಿ ಹಾಕಬೇಡಿ. 4 ಅಡಿ ಅಗಲದ ತಂತಿಬಲೆಯ ಪಂಜರದಲ್ಲಿ ತುಂಬಿ, ಆಗಾಗ ಸಗಣಿ ನೀರು ಚಿಮುಕಿಸಿ, ಹದಿನೈದು ದಿನಕ್ಕೊಮ್ಮೆ ಮಗುಚಿದರೆ ಮೂರ್ನಾಲ್ಕು ತಿಂಗಳಿಗೆ ಗೊಬ್ಬರ.

ಆಟದ ಜಾಗ, ದೀಪ

ಉಯ್ಯಾಲೆಯ ಮೇಲಿನ ಅಡ್ಡಪಟ್ಟಿ 2.4 ಮೀಟರ್ ಎತ್ತರವಿದ್ದರೆ ಮುಂದೆ 4.8, ಹಿಂದೆ 4.8 ಮೀಟರ್ ಖಾಲಿ ಇರಬೇಕು. ಜಾರುಬಂಡೆ ಉತ್ತರಕ್ಕೆ ಮುಖ ಮಾಡಿದ್ದರೆ ಮಧ್ಯಾಹ್ನದ ಬಿಸಿಲಿಗೆ ತಗಡು ಅಷ್ಟು ಕಾಯುವುದಿಲ್ಲ. ಕೆಳಗೆ 30 ಸೆಂಟಿಮೀಟರ್ ಮರಳು, ಅದರಡಿ ನೀರು ಬಸಿಯಲು 10 ಸೆಂಟಿಮೀಟರ್ ಜಲ್ಲಿ, ನಡುವೆ ಬಟ್ಟೆಯಂಥ ಜಿಯೋಟೆಕ್ಸ್‌ಟೈಲ್. ಕಂಬದ ಕಾಂಕ್ರೀಟ್ ತಲೆ ಮರಳಿನ ಮೇಲೆ ಕಾಣಿಸಬಾರದು. ತಿಂಗಳಿಗೊಮ್ಮೆ ಉಯ್ಯಾಲೆಯ ಕೊಂಡಿಯನ್ನು ಕೈಯಲ್ಲಿ ತಿರುಗಿಸಿ ನೋಡಿ. ಕೊಕ್ಕೆ ಸರಪಳಿಯನ್ನು ಹಿಡಿಯುವ ಒಳಬದಿಯಲ್ಲಿ ಕಬ್ಬಿಣ ಸವೆದು ಹೊಳೆಯುತ್ತದೆ. ಸವೆತ ಮೂರರಲ್ಲೊಂದು ಪಾಲು ತಲುಪಿದರೆ ಅಂದೇ ಬದಲಾಯಿಸಿ, ಅಲ್ಲಿಯವರೆಗೆ ಉಯ್ಯಾಲೆಯನ್ನು ಬಿಚ್ಚಿಡಿ. ಪಾರ್ಕಿನ ಗೇಟು ಹಳಿಯ ಮೇಲೆ ಜಾರುವಂಥದ್ದಾದರೆ ಎರಡೂ ತುದಿಯಲ್ಲಿ ತಡೆ, ಮೇಲೆ ಅದು ವಾಲದಂತೆ ಹಿಡಿಯುವ ಪಟ್ಟಿ ಇರಲೇಬೇಕು. ಹಳಿ ತಪ್ಪಿ ಬೀಳುವ ಗೇಟು ಮಗುವಿನ ಜೀವಕ್ಕೇ ಕುತ್ತು.

ದೀಪದ ಕಂಬ 4 ಮೀಟರ್ ಸಾಕು, ಎತ್ತರದ ದೀಪದ ಬೆಳಕೆಲ್ಲ ಮರದ ಮೇಲೆಯೇ ಉಳಿಯುತ್ತದೆ. ಸರ್ಕ್ಯೂಟಿಗೆ 30 ಮಿಲಿಆಂಪಿಯರ್‌ನಲ್ಲಿ ಟ್ರಿಪ್ ಆಗುವ ಇಎಲ್‌ಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಇರಲಿ, ಪ್ರತಿ ಮೇ ತಿಂಗಳಲ್ಲಿ ಅರ್ಥಿಂಗ್ ಅಳೆಸಿ ಪುಸ್ತಕದಲ್ಲಿ ಬರೆಸಿ.

ನಿರ್ವಹಣೆಯ ಗುತ್ತಿಗೆ

ಎಕರೆಗೆ ಪೂರ್ಣಾವಧಿಯ ಒಬ್ಬ ಮಾಲಿ, ಗುಡಿಸಲು ಮತ್ತು ಕಾಯಲು ಇನ್ನೊಬ್ಬರು ಬೇಕು. ಇಬ್ಬರ ವರ್ಷದ ಕೂಲಿ, ನೀರು, ಕರೆಂಟ್, ದುರಸ್ತಿಯ ಮೊತ್ತವನ್ನು ಸಂಸ್ಥೆಯ ಆಯವ್ಯಯದಲ್ಲಿ ಪ್ರತ್ಯೇಕ ಸಾಲಾಗಿ ತೋರಿಸಲಾಗದಿದ್ದರೆ ಪಾರ್ಕಿನ ಗಾತ್ರವನ್ನೋ ಅಲಂಕಾರವನ್ನೋ ಕಡಿಮೆ ಮಾಡಿ. ಶೌಚಾಲಯಕ್ಕೂ ಇದೇ ಮಾತು: ದಿನಕ್ಕೆರಡು ಸಲ ತೊಳೆಯುವವರಿದ್ದರೆ ಗೇಟಿನ ಬಳಿ, ಎಲ್ಲರ ಕಣ್ಣಿಗೆ ಬೀಳುವಲ್ಲಿ ಕಟ್ಟಿ.

ಟೆಂಡರ್‌ನಲ್ಲಿ ‘ಪಾರ್ಕ್ ನಿರ್ವಹಣೆ’ ಎಂಬ ಒಂದೇ ಸಾಲು ಬರೆದರೆ ಯಾವುದನ್ನೂ ಕೇಳಲಾಗದು. ಗುಡಿಸುವುದು ದಿನಾ, ಕಳೆ ತೆಗೆಯುವುದು ಹದಿನೈದು ದಿನಕ್ಕೊಮ್ಮೆ, ಹುಲ್ಲು ಕತ್ತರಿಸುವುದು ಮಳೆಗಾಲದಲ್ಲಿ ಹತ್ತು ದಿನಕ್ಕೆ, ಬೇಸಿಗೆಯಲ್ಲಿ ತಿಂಗಳಿಗೆ, ಸತ್ತ ಸಸಿಗೆ ಬದಲಿ ಎಷ್ಟು ದಿನದಲ್ಲಿ ಎಂದು ಒಂದೊಂದನ್ನೂ ಬರೆಯಿರಿ. ತಪ್ಪಿದರೆ ಬಿಲ್ಲಿನಲ್ಲಿ ಎಷ್ಟು ಕಡಿತ ಎಂಬುದೂ ಅಲ್ಲೇ ಇರಲಿ. ಮಾಲಿಯ ಕೊಠಡಿಯಲ್ಲಿ ಒಂದು ಹಾಜರಿ ಮತ್ತು ಕೆಲಸದ ಪುಸ್ತಕವಿಟ್ಟು, ವಾರಕ್ಕೊಮ್ಮೆ ನಿವಾಸಿಗಳಲ್ಲಿ ಇಬ್ಬರು ಸಹಿ ಹಾಕಿದ ಮೇಲೆಯೇ ಬಿಲ್ ಮುಂದೆ ಹೋಗಲಿ.

ಹೆಚ್ಚಿನವರು ಗಮನಿಸದ ಒಂದು ಸಂಗತಿ ಇದೆ. ಗುತ್ತಿಗೆಗಳು ಸಾಮಾನ್ಯವಾಗಿ ಮಾರ್ಚ್ 31ಕ್ಕೆ ಮುಗಿಯುತ್ತವೆ. ಹೊಸ ಟೆಂಡರ್ ಆಗಿ ಕಾರ್ಯಾದೇಶ ಬರುವಷ್ಟರಲ್ಲಿ ಎರಡು ತಿಂಗಳು ಕಳೆದಿರುತ್ತವೆ, ಅವೇ ಏಪ್ರಿಲ್ ಮತ್ತು ಮೇ. ಮೂರು ವರ್ಷ ಬೆಳೆಸಿದ ಗಿಡ ಆ ಅರವತ್ತು ದಿನದಲ್ಲಿ ಹೋಗುತ್ತದೆ. ಗುತ್ತಿಗೆಯ ಅವಧಿ ಆಗಸ್ಟ್‌ನಿಂದ ಜುಲೈವರೆಗೆ ಇರುವಂತೆ ಮಾಡಿ. ಲೆಕ್ಕಪತ್ರ ವಿಭಾಗದವರು ಆರ್ಥಿಕ ವರ್ಷ ದಾಟುತ್ತದೆಂದು ಆಕ್ಷೇಪಿಸಿದರೆ, ಹೊಸಬರು ಬರುವವರೆಗೆ ಹಳಬರೇ ಅದೇ ದರಕ್ಕೆ ಮೂರು ತಿಂಗಳು ಮುಂದುವರಿಯಬೇಕೆಂಬ ಷರತ್ತನ್ನಾದರೂ ಟೆಂಡರ್‌ನಲ್ಲೇ ಸೇರಿಸಿ.

ನಿವಾಸಿಗಳ ಸಂಘಕ್ಕೆ ಉಸ್ತುವಾರಿ ಕೊಡುವುದಾದರೆ ಲಿಖಿತ ಒಪ್ಪಂದ ಮಾಡಿ, ಬೀಗದ ಇನ್ನೊಂದು ಕೈ ಸ್ಥಳೀಯ ಸಂಸ್ಥೆಯಲ್ಲೂ ಇರಲಿ. ಹೊರಗಿನವರಿಗೆ ಪ್ರವೇಶವಿಲ್ಲ, ಚೆಂಡಾಟ ನಿಷೇಧ, ಮಧ್ಯಾಹ್ನ ಬಂದ್ ಎಂಬ ಫಲಕ ಹಾಕಲು ಸಂಘಕ್ಕೆ ಅಧಿಕಾರವಿಲ್ಲವೆಂದು ಅದರಲ್ಲೇ ಬರೆಯಿರಿ. ಬೆಂಗಳೂರಿನ ಪಾಲಿಕೆ ಪಾರ್ಕುಗಳ ಸಮಯವನ್ನು 2024ರಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ವಿಸ್ತರಿಸಲಾಯಿತು. ಚಿಕ್ಕ ಊರುಗಳಲ್ಲಿ ಇನ್ನೂ ಬೆಳಿಗ್ಗೆ ಹತ್ತು ಗಂಟೆಗೇ ಬೀಗ ಹಾಕುವ ರೂಢಿ ಇದೆ. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ನೆರಳು ಬೇಕಾದವರು ಬುತ್ತಿ ಬಿಚ್ಚುವ ಗಾರೆ ಕೆಲಸದವರು, ಪೌರಕಾರ್ಮಿಕರು, ತಳ್ಳುಗಾಡಿಯವರು, ಪಾರ್ಸೆಲ್ ಹುಡುಗರು. ಗೇಟಿನ ಹತ್ತಿರದ ಹೊಂಗೆಯ ಕೆಳಗೆ ಒಂದು ಕಟ್ಟೆ, ಪಕ್ಕದಲ್ಲಿ ಕುಡಿಯುವ ನೀರಿನ ನಲ್ಲಿ, ಕೈ ತೊಳೆಯಲು ಇನ್ನೊಂದು. ಇವನ್ನು ನಕ್ಷೆಯಲ್ಲೇ ಗುರುತಿಸಿಡಿ.