ದೊಡ್ಡ ಜಾತಿಯ ಮರಿಗೆ ಪೆಡಿಗ್ರಿಯೋ, ಹಸಿ ಬಾಡೋ?

ಮಂಡ್ಯದಲ್ಲಿ ಯಾವ ಕಂಪನಿಯ ಒಣ ನಾಯಿತಿಂಡಿಯಾದರೂ ಅದರ ಹೆಸರು ಪೆಡಿಗ್ರಿಯೇ, ಬಟ್ಟೆ ಒಗೆಯುವ ಪುಡಿಗೆಲ್ಲ ಸರ್ಫ್ ಅನ್ನುವ ಹಾಗೆ. ಆರು ತಿಂಗಳ ಹಿಂದೆ ನನ್ನ ಮಗ ಎರಡು ತಿಂಗಳ ಜರ್ಮನ್ ಶೆಫರ್ಡ್ ಮರಿಯೊಂದನ್ನು ತಂದು ಮಡಿಲಿಗೆ ಹಾಕಿದ. “ಅಮ್ಮ, ಇದಕ್ಕೆ ಪೆಡಿಗ್ರಿ ಬೇಡ, ಹಸಿ ಚಿಕನ್ ಹಾಕು. ತೋಳಕ್ಕೆ ಯಾರು ಬೇಯಿಸಿ ಹಾಕ್ತಾರೆ?” ಅಂದು ಬೆಂಗಳೂರಿನ ರೈಲು ಹತ್ತಿದ. ತೋಳಕ್ಕೆ ಯಾರೂ ಲಸಿಕೆಯನ್ನೂ ಹಾಕಿಸಲ್ಲ ಕಣೋ ಅಂತ ಹೇಳುವಷ್ಟರಲ್ಲಿ ಗಾಡಿ ಹೊರಟಿತ್ತು. ಮರಿಗೆ ಭೀಮ ಅಂತ ಹೆಸರಿಟ್ಟೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು, ಲೆಕ್ಕ ಹಾಕದೆ ಅದರ ತಟ್ಟೆ ತುಂಬಲು ಮನಸ್ಸು ಬರಲಿಲ್ಲ.

ಇನ್ನೊಂದು ಕಾರಣ ರಾಜ. ಹದಿನೈದು ವರ್ಷದ ಹಿಂದೆ ನಮ್ಮ ಮನೆಯಲ್ಲಿದ್ದ ನಾಯಿ, ಇದೇ ಜಾತಿ. ಒಳ್ಳೆಯ ಮರಿ ತಿಂಡಿಯನ್ನೇ ತಿನ್ನುತ್ತಿದ್ದ. ಅದು ಸಾಲದೆಂದು ಅಂಗಡಿಯವರು ಕೊಟ್ಟ ಕ್ಯಾಲ್ಸಿಯಂ ಟಾನಿಕ್ಕು ದಿನಕ್ಕೆರಡು ಸಲ, ಮೇಲೆ ಅರ್ಧ ಲೀಟರ್ ಹಾಲು. ಮೂಳೆ ಗಟ್ಟಿಯಾಗಲಿ ಅಂತ. ಐದನೇ ತಿಂಗಳಿಗೆ ಮುಂಗಾಲು ಹೊರಕ್ಕೆ ತಿರುಗಿದವು, ಕುಂಟತೊಡಗಿದ. ಎಕ್ಸ್‌ರೇ ಹಿಡಿದುಕೊಂಡ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, “ಯಾವ ಟಾನಿಕ್ ಹಾಕ್ತಿದ್ದೀರಿ, ಮೇಡಂ?”

ಅವತ್ತು ಕಲಿತದ್ದು ಇಷ್ಟು. ಬೆಳೆದ ನಾಯಿಯ ಕರುಳು ಬೇಕಾದಷ್ಟೇ ಕ್ಯಾಲ್ಸಿಯಂ ಹೀರಿಕೊಂಡು ಉಳಿದದ್ದನ್ನು ಹೊರಗೆ ಕಳಿಸುತ್ತದೆ. ಸುಮಾರು ಆರು ತಿಂಗಳೊಳಗಿನ ಮರಿಗೆ ಆ ಹಿಡಿತ ಇನ್ನೂ ಸರಿಯಾಗಿ ಬಂದಿರುವುದಿಲ್ಲ. ಹೆಚ್ಚು ಹಾಕಿದರೆ ಹೆಚ್ಚೇ ಒಳಗೆ ಹೋಗುತ್ತದೆ. ಪೊಮೆರೇನಿಯನ್ ಮರಿ ಇದನ್ನು ಹೇಗೋ ತಾಳಿಕೊಳ್ಳುತ್ತದೆ. ಒಂದೇ ವರ್ಷದಲ್ಲಿ ಮೂವತ್ತು ಕೆ.ಜಿ. ಮುಟ್ಟುವ ಲ್ಯಾಬ್, ಶೆಫರ್ಡ್, ರಾಟ್‌ವೀಲರ್, ಗ್ರೇಟ್ ಡೇನ್ ಮರಿಗಳ ಮೂಳೆ, ಕೀಲು ತಾಳುವುದಿಲ್ಲ. ನೆದರ್ಲೆಂಡ್ಸ್‌ನ ಯುಟ್ರೆಕ್ಟ್‌ನಲ್ಲಿ 1980ರ ದಶಕದಲ್ಲೇ ಗ್ರೇಟ್ ಡೇನ್ ಮರಿಗಳಿಗೆ ಕ್ಯಾಲ್ಸಿಯಂ ಹೆಚ್ಚಿಸಿ ಇದನ್ನು ತೋರಿಸಿದ್ದಾರೆ. “ಪ್ರೋಟೀನ್ ಜಾಸ್ತಿಯಾದ್ರೆ ಕಾಲು ಸೊಟ್ಟ ಆಗುತ್ತೆ” ಅಂತ ವಾಕಿಂಗಿನಲ್ಲಿ ಸಿಗುವವರೆಲ್ಲ ಹೇಳುತ್ತಾರೆ. ತಪ್ಪು ಪ್ರೋಟೀನಿನದಲ್ಲ. ಕ್ಯಾಲ್ಸಿಯಮ್ಮಿನದು, ಅದರ ಜೊತೆಗೆ ಮಿತಿಮೀರಿದ ಊಟದ್ದು.

ಹಾಗಾಗಿ ಪೆಡಿಗ್ರಿಯೋ ಹಸಿ ಬಾಡೋ ಅನ್ನುವ ಮೊದಲು ಕೇಳಬೇಕಾದದ್ದು ಬೇರೆ: ಈ ತಟ್ಟೆಯಲ್ಲಿ ಕ್ಯಾಲ್ಸಿಯಂ ಎಷ್ಟಿದೆ, ಅದನ್ನು ನನಗೆ ಯಾರು ಅಳೆದು ಹೇಳುತ್ತಾರೆ?

ಹಸಿ ಮಾಂಸದ ಕಡೆಯಿಂದ ನೋಡಿ. ಮೂಳೆಯಿಲ್ಲದ ಕೋಳಿ ಮಾಂಸ ನೂರು ಗ್ರಾಮಿನಲ್ಲಿ ರಂಜಕ ಸುಮಾರು 200 ಮಿಲಿಗ್ರಾಂ, ಕ್ಯಾಲ್ಸಿಯಂ ಹತ್ತರ ಆಸುಪಾಸು. ಮರಿಗೆ ಬೇಕಾದದ್ದು ರಂಜಕದಷ್ಟೇ ಅಥವಾ ಅದಕ್ಕಿಂತ ತುಸು ಹೆಚ್ಚು ಕ್ಯಾಲ್ಸಿಯಂ. ಊಟದಲ್ಲಿ ಸಿಗದಿದ್ದರೆ ದೇಹ ಮೂಳೆಯಿಂದಲೇ ಕಿತ್ತುಕೊಳ್ಳುತ್ತದೆ. ಮದ್ದೂರಿನಲ್ಲಿರುವ ನನ್ನ ತಮ್ಮ ಅವನ ರಾಟ್‌ವೀಲರ್ ಮರಿಗೆ ಪ್ರೀತಿಯಿಂದ ಬರೀ ಬೋನ್‌ಲೆಸ್ಸು, ಅನ್ನ ಹಾಕಿ ಸಾಕಿದ್ದ. ನಾಲ್ಕನೇ ತಿಂಗಳಲ್ಲಿ ಜಗುಲಿಯಿಂದ ಹಾರಿದ್ದಕ್ಕೆ ಕಾಲು ಮುರಿಯಿತು. ಜಗುಲಿಯ ಎತ್ತರ ಒಂದೂವರೆ ಅಡಿ. ಮೂಳೆ ಸಮೇತ ಹಾಕಿದರಾಯಿತಲ್ಲ ಅನ್ನುತ್ತೀರಿ. ಆಗ ಒಂದು ದಿನ ಕತ್ತಿನ ತುಂಡು, ಇನ್ನೊಂದು ದಿನ ಕಾಲು, ಮತ್ತೊಂದು ದಿನ ಬರೀ ಚರ್ಮ. ಅಳತೆ ಕೋಳಿ ಅಂಗಡಿಯವನ ಕತ್ತಿಯ ಕೈಯಲ್ಲಿರುತ್ತದೆ.

ಎರಡನೆಯದು ರೋಗ. ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್ ಇರುವುದು ಹೊಸ ವಿಷಯವಲ್ಲ. ನಾಯಿಗೆ ಏನೂ ಆಗದೆ ಇರಬಹುದು, ಆದರೆ ಅದರ ಮಲದಲ್ಲಿ, ತಟ್ಟೆಯಲ್ಲಿ, ಮುಖ ನೆಕ್ಕುವ ನಾಲಿಗೆಯಲ್ಲಿ ಅದು ಮನೆಯೆಲ್ಲ ಓಡಾಡುತ್ತದೆ. ಫ್ರೀಜರಿನಲ್ಲಿಟ್ಟರೆ ಈ ಬ್ಯಾಕ್ಟೀರಿಯಾ ಸಾಯುವುದಿಲ್ಲ, ನಿದ್ದೆ ಮಾಡುತ್ತದೆ ಅಷ್ಟೆ. ನಮ್ಮ ಬೀದಿಯಲ್ಲಿ ಬೇಸಿಗೆಯ ಮಧ್ಯಾಹ್ನ ಕರೆಂಟು ಹೋದರೆ ಆ ನಿದ್ದೆಯೂ ಮುಗಿಯಿತು. ನಮ್ಮ ಮನೆಯಲ್ಲಿ ಎಂಬತ್ತೆಂಟು ವರ್ಷದ ಅತ್ತೆ ಇದ್ದಾರೆ, ಶನಿವಾರ ಭಾನುವಾರ ಅಂಬೆಗಾಲಿಡುವ ಮೊಮ್ಮಗಳು ಬರುತ್ತಾಳೆ. ನನಗೆ ತೀರ್ಮಾನ ಅಲ್ಲೇ ಆಯಿತು.

ಕುರಿಯದ್ದು ಇನ್ನೂ ಗಂಭೀರ. ಹಬ್ಬಕ್ಕೆ ಗುಡ್ಡೆ ಬಾಡು ಹಾಕುವಾಗ ಶ್ವಾಸಕೋಶ, ಗುಳ್ಳೆ ಎದ್ದ ಲಿವರ್ ಬಿಸಾಡುವ ಬದಲು ಪಕ್ಕದಲ್ಲಿ ಕೂತ ನಾಯಿಗೆ ಎಸೆಯುವುದು ನಮ್ಮಲ್ಲಿ ವಾಡಿಕೆ. ಆ ಗುಳ್ಳೆಗಳಲ್ಲಿ ಹೈಡಾಟಿಡ್ ಹುಳುವಿನ ಮರಿಗಳಿರಬಹುದು. ನಾಯಿಯ ಕರುಳಲ್ಲಿ ಅದು ಬೆಳೆದು, ಮೊಟ್ಟೆ ಮಲದಲ್ಲಿ ಬಂದು, ಕೈಯಿಂದ ಬಾಯಿಗೆ ಸೇರಿದರೆ ಮನುಷ್ಯರ ಲಿವರಿನಲ್ಲಿ ಅದೇ ಗುಳ್ಳೆ. ಚೆನ್ನಾಗಿ ಬೇಯಿಸದ ಒಳಾಂಗವನ್ನು ಯಾರು ಕೊಟ್ಟರೂ ಬೇಡ ಅನ್ನಿ, ಕೊಟ್ಟವರು ಮುನಿಸಿಕೊಂಡರೂ ಪರವಾಗಿಲ್ಲ.

ಹಸಿಯೇ ಬೇಕು ಅಂತ ಹಟವಿದ್ದರೆ ಪಶುವೈದ್ಯರಲ್ಲಿ ಪೋಷಣೆ ಓದಿದವರ ಹತ್ತಿರ ನಿಮ್ಮ ಮರಿಯ ತೂಕಕ್ಕೆ ಗ್ರಾಂ ಲೆಕ್ಕದಲ್ಲಿ ಪಟ್ಟಿ ಬರೆಸಿ. ಇಂಟರ್ನೆಟ್ಟಿನ ‘ಎಂಬತ್ತು, ಹತ್ತು, ಹತ್ತು’ ಸೂತ್ರ ಪಟ್ಟಿಯಲ್ಲ. ಮಾಂಸ, ಮೂಳೆ, ಒಳಾಂಗ ಅಂತ ಮೂರು ಪಾಲು ಹೇಳುವ ಅದು ಯಾವ ಮೂಳೆಯಲ್ಲಿ ಎಷ್ಟು ಕ್ಯಾಲ್ಸಿಯಂ ಅಂತ ಹೇಳುವುದಿಲ್ಲ.

ನಾನು ಒಣ ತಿಂಡಿಯನ್ನೇ ಆರಿಸಿದೆ. ಹಾಗಂತ ಕಂಡ ಚೀಲವನ್ನೆಲ್ಲ ಎತ್ತಿಕೊಂಡು ಬರಬೇಡಿ. ಮುಂದೆ ಅಚ್ಚು ಹಾಕಿರುವ ಚಂದದ ನಾಯಿಯನ್ನು ಬಿಟ್ಟು ಹಿಂಭಾಗ ತಿರುಗಿಸಿ, ಕನ್ನಡಕ ಹಾಕಿಕೊಳ್ಳಿ, ಅಕ್ಷರ ಅಷ್ಟು ಸಣ್ಣ. ‘ಲಾರ್ಜ್ ಬ್ರೀಡ್ ಪಪ್ಪಿ’ ಅಂತ ಇರಬೇಕು. ಆಫ್ಕೋ ಅನ್ನುವ ಅಮೆರಿಕದ ಸಂಘದ ಅಳತೆಗೆ ತಕ್ಕಂತೆ ಮಾಡಿದ್ದರೆ, ದೊಡ್ಡ ಗಾತ್ರದ ನಾಯಿಗಳ, ಅಂದರೆ ಬೆಳೆದ ಮೇಲೆ 70 ಪೌಂಡ್ ಅಥವಾ ಹೆಚ್ಚು ತೂಗುವವುಗಳ ಬೆಳವಣಿಗೆಗೂ ಸರಿ ಎಂಬ ಸಾಲು ಇಂಗ್ಲಿಷಿನಲ್ಲಿ ಇರುತ್ತದೆ. 70 ಪೌಂಡ್ ಅಂದರೆ ಸುಮಾರು 32 ಕೆ.ಜಿ. ಇಂಥ ಮರಿಗಳಿಗೆ ಅವರು ಹಾಕಿರುವ ಗೆರೆ: ನೀರು ಕಳೆದ ತೂಕದಲ್ಲಿ ಕ್ಯಾಲ್ಸಿಯಂ 1.2ಕ್ಕಿಂತ ಕಡಿಮೆ ಬೇಡ, ಶೇಕಡಾ 1.8 ದಾಟಬಾರದು. ಚೀಲದ ಮೇಲಿರುವ ಅಂಕಿ ನೀರೂ ಸೇರಿದ್ದು. ತೇವ ಹತ್ತು ಪರ್ಸೆಂಟ್, ಕ್ಯಾಲ್ಸಿಯಂ 1.2 ಅಂತಿದ್ದರೆ 1.2ನ್ನು 0.9ರಿಂದ ಭಾಗಿಸಿ. 1.33 ಬಂತು, ಪಾಸು. ಬರೀ ‘ಕನಿಷ್ಠ 1.2’ ಅಂತ ಬರೆದು ಗರಿಷ್ಠ ಎಷ್ಟೆಂದು ಹೇಳದ ಚೀಲವಾದರೆ ಕಂಪನಿಯ ನಂಬರಿಗೆ ಫೋನ್ ಮಾಡಿ ಕೇಳಿ. ಉತ್ತರ ಕೊಡದವರ ತಿಂಡಿ ನನ್ನ ಮನೆಗೆ ಬರಲಿಲ್ಲ. ಗೋಣಿಚೀಲ ಬಿಚ್ಚಿಟ್ಟು ಬಿಡಿಯಾಗಿ ತೂಗಿ ಮಾರುವುದನ್ನೂ ತರಬೇಡಿ, ಅದಕ್ಕೆ ಹಿಂಭಾಗವೇ ಇಲ್ಲ.

ಇನ್ನು ಪ್ರಮಾಣ. ಮರಿಯ ತೂಕವನ್ನು ಮೂರು ಸಲ ಗುಣಿಸಿ: ಹತ್ತು ಕೆ.ಜಿ. ಇದ್ದರೆ 10×10×10, ಸಾವಿರ. ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ವರ್ಗಮೂಲದ ಗುಂಡಿ ಎರಡು ಸಲ ಒತ್ತಿ, 5.62. ಅದನ್ನು 70ರಿಂದ ಗುಣಿಸಿದರೆ 394. ನಾಲ್ಕು ತಿಂಗಳೊಳಗಿನ ಮರಿಗೆ ಇದರ ಮೂರರಷ್ಟು, ಅಂದರೆ ದಿನಕ್ಕೆ ಸುಮಾರು 1,180 ಕ್ಯಾಲರಿ, ಆಮೇಲೆ ಎರಡರಷ್ಟು. ನೂರು ಗ್ರಾಮಿಗೆ 380 ಕ್ಯಾಲರಿ ಇರುವ ತಿಂಡಿಯಾದರೆ 310 ಗ್ರಾಂ. ಲೋಟದಲ್ಲಿ ಅಲ್ಲ, ಅಡುಗೆಮನೆಯ ತಕ್ಕಡಿಯಲ್ಲಿ. ಇದೂ ಶುರುವಿನ ಅಂದಾಜು ಮಾತ್ರ. ಆಮೇಲೆ ಬೆರಳು ಹೇಳಿದ ಹಾಗೆ ಹತ್ತು ಗ್ರಾಂ ಏರಿಸಿ, ಇಳಿಸಿ: ಪಕ್ಕೆ ಸವರಿದರೆ ಎಲುಬು ಒತ್ತದೆಯೇ ಸಿಗಬೇಕು, ಮೇಲಿಂದ ನೋಡಿದರೆ ಸೊಂಟ ಕಾಣಬೇಕು. ದುಂಡುದುಂಡಗೆ ಇರುವ ಮರಿ ನೋಡಲು ಚಂದ, ಅಷ್ಟೇ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೆ ಸಾಕಿ ನೋಡಿದರು. ಜೊತೆಯ ಮರಿಗಿಂತ ಕಾಲು ಭಾಗ ಕಡಿಮೆ ತಿಂದವು ಸುಮಾರು 13 ವರ್ಷ, ಹೆಚ್ಚು ತಿಂದವು 11.2 ವರ್ಷ ಬದುಕಿದವು. ಸೊಂಟದ ಕೀಲು ನೋವೂ ಮೊದಲ ಗುಂಪಿಗೆ ಕಡಿಮೆ. 2002ರಲ್ಲಿ ಅಚ್ಚಾದ ಫಲಿತಾಂಶ ಇದು.

ತಿಂಡಿ ಬದಲಿಸುವಾಗ ಒಂದು ವಾರ ಹಳೆಯದರ ಜೊತೆ ಬೆರೆಸುತ್ತ ಬನ್ನಿ, ಇಲ್ಲದಿದ್ದರೆ ಅಂಗಳ ತೊಳೆಯುವ ಕೆಲಸ ನಿಮ್ಮದೇ. ಆರು ತಿಂಗಳವರೆಗೆ ದಿನಕ್ಕೆ ಮೂರು ಊಟ, ಆಮೇಲೆ ಎರಡು. ತಿಂದ ತಕ್ಷಣ ಓಡಿಸಬೇಡಿ.

ಮುದ್ದೆ ಹಾಕಬಾರದಾ ಅಂತ ಎದುರು ಮನೆಯ ಅಕ್ಕ ಇವತ್ತಿಗೂ ಕೇಳುತ್ತಾರೆ. ಮುದ್ದೆ ಉಂಡೇ ಈ ಸೀಮೆಯ ನಾಯಿಗಳು ತೋಟ ಕಾದಿವೆ, ನಿಜ. ಅವು ಹದಿನೈದು ಕೆ.ಜಿ.ಯ ನಾಯಿಗಳು, ಇಲಿ, ಓತಿಕ್ಯಾತ ತಾವೇ ಹಿಡಿದು ತಿನ್ನುತ್ತಿದ್ದವು. ಭೀಮನಿಗೆ ಬೇಯಿಸಿದ ಮೊಟ್ಟೆ, ಉಪ್ಪಿಲ್ಲದ ಕೋಳಿ, ಸಿಹಿಗುಂಬಳ, ನಿಂಬೆಹಣ್ಣಿನ ಗಾತ್ರದ ಮುದ್ದೆ ಸಿಗುತ್ತದೆ, ಎಲ್ಲ ಸೇರಿ ದಿನದ ಕ್ಯಾಲರಿಯಲ್ಲಿ ಹತ್ತರಲ್ಲೊಂದು ಪಾಲು. ಬಸ್ಸಾರು ಮಾತ್ರ ಇಲ್ಲ. ಅದರಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣ ಒಡೆಯುತ್ತವೆ. ಬೇಯಿಸಿದ ಮೂಳೆಯೂ ಇಲ್ಲ, ಸೀಳಿ ಕರುಳಿಗೆ ಚುಚ್ಚುತ್ತದೆ. ಟಾನಿಕ್ ಬಾಟಲಿ ಮನೆಯೊಳಗೇ ಬಂದಿಲ್ಲ.

ಪ್ರತಿ ಭಾನುವಾರ ಅವನನ್ನು ಬೆಲ್ಲದ ಮಂಡಿಗೆ ಕರೆದುಕೊಂಡು ಹೋಗಿ, ಮೂಟೆ ತೂಗುವ ತಕ್ಕಡಿಯ ಮೇಲೆ ನಿಲ್ಲಿಸುತ್ತೇನೆ. ಈ ವಾರ 27 ಕೆ.ಜಿ. 400 ಗ್ರಾಂ. “ಏನ್ ಟೀಚರಮ್ಮ, ಹೊಟ್ಟೆಗೆ ಸರ್ಯಾಗಿ ಹಾಕ್ತಿಲ್ವಾ? ಒಣಕೊಂಡವ್ನೆ,” ಅಂದ ಮೂಟೆ ಹೊರುವ ಹುಡುಗ. ಅವನ ಕೈ ಹಿಡಿದು ಭೀಮನ ಪಕ್ಕೆಯ ಮೇಲೆ ಇಟ್ಟು, ಎಣಿಸು ಅಂದೆ.