ಕಾಂಪ್ಟನ್ ಚದುರಿಕೆಯ ಲೆಕ್ಕ ಮಾಡುವ ಬಗೆ

ಮಾನಸಗಂಗೋತ್ರಿಯಲ್ಲೋ ಮಂಡ್ಯದಲ್ಲೋ ಎಂ.ಎಸ್ಸಿ. ಫಿಸಿಕ್ಸ್ ಓದುವವರು ಕ್ವಾಂಟಮ್ ಕ್ಷೇತ್ರ ಸಿದ್ಧಾಂತದಲ್ಲಿ ಮೊದಲಿನಿಂದ ಕೊನೆಯವರೆಗೆ ಕೈಯಾರೆ ಮಾಡಿ ನೋಡಬಹುದಾದ ಲೆಕ್ಕ ಇದು: ನಿಂತಿರುವ ಎಲೆಕ್ಟ್ರಾನ್‌ಗೆ ಫೋಟಾನ್ ಬಡಿದು ಚದುರುವುದು. ಪೆನ್ಸಿಲ್ಲಿನಲ್ಲೇ ಮಾಡಿ, ಅಳಿಸುವುದು ಬಹಳ ಇರುತ್ತದೆ.

ಮೊದಲು ಫೈನ್‌ಮನ್ ಚಿತ್ರ, ಅಂದರೆ ಕಣಗಳ ಬಡಿದಾಟವನ್ನು ಗೆರೆಗಳಲ್ಲಿ ತೋರಿಸುವ ನಕ್ಷೆ. ಎಲೆಕ್ಟ್ರಾನಿಗೆ ಬಾಣ ಹಾಕಿದ ನೇರ ಗೆರೆ, ಫೋಟಾನಿಗೆ ಅಲೆಗೆರೆ. ಗೆರೆಗಳು ಕೂಡುವ ಪ್ರತಿ ವರ್ಟೆಕ್ಸ್‌ನಲ್ಲಿ ಎರಡು ಎಲೆಕ್ಟ್ರಾನ್ ಗೆರೆ, ಒಂದು ಫೋಟಾನ್ ಗೆರೆ ಅಷ್ಟೇ. ಶಕ್ತಿ, ಸಂವೇಗಗಳ ಲೆಕ್ಕ ಅಲ್ಲಿ ವಿ.ಸಿ. ನಾಲೆಯ ಕವಲಿನ ನೀರಿದ್ದಂತೆ, ಬಂದದ್ದಷ್ಟೂ ಮುಂದೆ ಹೋಗಬೇಕು. (ನಾಲೆಯಲ್ಲಿ ಸೋರಿಕೆ ಉಂಟು, ಇಲ್ಲಿಲ್ಲ.) ಇದೇ ಕಾರಣಕ್ಕೆ ಒಂದೇ ವರ್ಟೆಕ್ಸ್ ಸಾಲದು: ಬಿಡಿ ಎಲೆಕ್ಟ್ರಾನ್ ಒಂದು ಫೋಟಾನನ್ನು ನುಂಗಿ ಸುಮ್ಮನಿದ್ದರೆ ಲೆಕ್ಕ ಕೂಡುವುದಿಲ್ಲ.

ಎರಡು ವರ್ಟೆಕ್ಸ್ ಇಟ್ಟರೆ ಎರಡು ಚಿತ್ರ ಬರುತ್ತವೆ. ಒಂದರಲ್ಲಿ ಎಲೆಕ್ಟ್ರಾನ್ ಮೊದಲು ನುಂಗಿ ಆಮೇಲೆ ಉಗುಳುತ್ತದೆ, ಇನ್ನೊಂದರಲ್ಲಿ ಮೊದಲೇ ಉಗುಳುತ್ತದೆ. ಎರಡನೆಯದು ವಿಚಿತ್ರವಾಗಿ ಕಾಣುತ್ತದೆಂದು ಬಿಟ್ಟುಬಿಡುವವರೇ ಹೆಚ್ಚು. ಬಿಡಬೇಡಿ. ಎರಡರ ನಡುವೆ ಕೂಡುವ ಚಿಹ್ನೆಯೇ; ಅದಲುಬದಲಾಗಿರುವುದು ಫೋಟಾನ್‌ಗಳು, ಅವು ಬೋಸಾನ್, ಅದಲುಬದಲಾದರೂ ಚಿಹ್ನೆ ಬದಲಾಗದ ಬಗೆಯ ಕಣ.

ಪ್ರತಿ ಚಿತ್ರವೂ ಒಂದು ಆಂಪ್ಲಿಟ್ಯೂಡ್; ಎರಡರ ಮೊತ್ತವನ್ನು ವರ್ಗ ಮಾಡಿದರೆ ಚದುರುವ ಸಂಭವ ಸಿಗುತ್ತದೆ. ಅದನ್ನು ಬರೆಯುವಾಗ ಎಲೆಕ್ಟ್ರಾನ್ ಗೆರೆಯ ಬಾಣಕ್ಕೆ ಎದುರಾಗಿ, ಹೊರಹೋಗುವ ತುದಿಯಿಂದ ಶುರುಮಾಡಿ. ಗ್ಯಾಮಾ ಮ್ಯಾಟ್ರಿಕ್ಸ್‌ಗಳ (ಎಲೆಕ್ಟ್ರಾನಿನ ಡಿರಾಕ್ ಸಮೀಕರಣದಲ್ಲಿ ಬರುವ ಮ್ಯಾಟ್ರಿಕ್ಸ್‌ಗಳು) ಕ್ರಮ ತಪ್ಪಿದರೆ ಮುಂದಿನದೆಲ್ಲ ವ್ಯರ್ಥ. ಪ್ರತಿ ವರ್ಟೆಕ್ಸ್‌ಗೆ ವಿದ್ಯುದಾವೇಶ ಇ ಒಮ್ಮೆ ಬರುತ್ತದೆ. ನೈಸರ್ಗಿಕ ಮಾನದಲ್ಲಿ ಅದರ ಬೆಲೆ ಸುಮಾರು 0.303, ಅಂದರೆ ವಿದ್ಯುತ್ಕಾಂತೀಯ ಬಲದ ಅಳತೆಯಾದ ಆಲ್ಫಾ 1/137. ಪ್ರೊಪಗೇಟರ್‌ನ (ಎರಡು ವರ್ಟೆಕ್ಸ್‌ಗಳ ನಡುವಿನ ಎಲೆಕ್ಟ್ರಾನ್ ಗೆರೆಗೆ ಬರೆಯುವ ಪದ) ಛೇದ ಒಂದು ಚಿತ್ರದಲ್ಲಿ ಎಲೆಕ್ಟ್ರಾನಿನ ದ್ರವ್ಯರಾಶಿ ಮತ್ತು ಒಳಬರುವ ಫೋಟಾನಿನ ಶಕ್ತಿಯ ಗುಣಲಬ್ಧದ ಎರಡರಷ್ಟು. ಇನ್ನೊಂದರಲ್ಲಿ ಅದೇ ಗುಣಲಬ್ಧ, ಆದರೆ ಹೊರಹೋಗುವ ಫೋಟಾನಿನ ಶಕ್ತಿ ಹಾಕಿ, ಋಣ ಚಿಹ್ನೆಯೊಂದಿಗೆ. ಈ ಋಣ ಚಿಹ್ನೆಯೇ ಹೆಚ್ಚು ಅಂಕ ನುಂಗುವುದು.

ವರ್ಗ ಮಾಡುವ ಮೊದಲು ಒಂದು ಪರೀಕ್ಷೆ. ಒಳಬರುವ ಫೋಟಾನಿನ ಧ್ರುವೀಕರಣ ಸದಿಶದ ಜಾಗದಲ್ಲಿ ಅದರ ಸಂವೇಗವನ್ನೇ ಇಟ್ಟು ನೋಡಿ: ಎರಡು ಚಿತ್ರಗಳ ಮೊತ್ತ ಸೊನ್ನೆ ಆಗಬೇಕು, ಬಿಡಿಬಿಡಿಯಾಗಿ ಆಗದು. ಆಗಲಿಲ್ಲವೆಂದರೆ ಚಿಹ್ನೆಯೋ ಕ್ರಮವೋ ಕೆಟ್ಟಿದೆ, ಅಲ್ಲೇ ನಿಲ್ಲಿಸಿ ಹುಡುಕಿ. ಇದು ಸರಿಯಿದ್ದರೆ ಮಾತ್ರ ಧ್ರುವೀಕರಣಗಳ ಮೊತ್ತಕ್ಕೆ ಋಣ ಮೆಟ್ರಿಕ್ ಹಾಕಬಹುದು.

ಆಮೇಲಿನದು ಟ್ರೇಸ್‌ಗಳ (ಮ್ಯಾಟ್ರಿಕ್ಸ್‌ನ ಕರ್ಣದ ಮೊತ್ತ) ಕೂಲಿ ಕೆಲಸ. ನಾಲ್ಕು ಪದಗಳಿದ್ದರೂ ಮಾಡಬೇಕಾದ್ದು ಎರಡೇ: ಅಡ್ಡ ಪದಗಳು ಸಮ, ಎರಡನೆಯ ಚಿತ್ರದ ವರ್ಗ ಮೊದಲನೆಯದರಲ್ಲಿ ಫೋಟಾನ್‌ಗಳನ್ನು ಚಿಹ್ನೆ ಸಮೇತ ಅದಲುಬದಲು ಮಾಡಿದರೆ ಸಿಗುತ್ತದೆ. ಬೆಸಸಂಖ್ಯೆಯ ಗ್ಯಾಮಾಗಳ ಟ್ರೇಸ್ ಸೊನ್ನೆ. ಕೊನೆಗೆ ಕಾಲು ಭಾಗದಿಂದ ಗುಣಿಸಿ; ಎಲೆಕ್ಟ್ರಾನಿನ ಸ್ಪಿನ್‌ಗೆ ಅರ್ಧ, ಫೋಟಾನಿನ ಧ್ರುವೀಕರಣಕ್ಕೆ ಅರ್ಧ. ಉತ್ತರ ನಾಲ್ಕು ಪಟ್ಟು ಬಂದರೆ ಮರೆತದ್ದು ಇದನ್ನೇ.

ಸಿಗಬೇಕಾದದ್ದು 1929ರ ಕ್ಲೈನ್–ನಿಶಿನಾ ಸೂತ್ರ. ಶಕ್ತಿ ತೀರ ಕಡಿಮೆಯಾದಾಗ ಒಟ್ಟು ಅಡ್ಡಕೊಯ್ತ (ಚದುರುವ ಸಂಭವವನ್ನು ಕ್ಷೇತ್ರಫಲವಾಗಿ ಹೇಳುವ ಅಳತೆ; ಮಾನ ಬಾರ್ನ್) 0.665 ಬಾರ್ನ್‌ಗೆ, ಅಂದರೆ ಹಳೆಯ ಥಾಮ್ಸನ್ ಸೂತ್ರದ ಬೆಲೆಗೆ ಬಂದು ಮುಟ್ಟಬೇಕು. ಸೀಸಿಯಂ-137ರ 662 ಕೆಇವಿ ಗ್ಯಾಮಾ ಕಿರಣ ಹಾಕಿ ನೋಡಿ: 90 ಡಿಗ್ರಿಯಲ್ಲಿ ಚದುರಿದ ಫೋಟಾನಿನ ಶಕ್ತಿ 288 ಕೆಇವಿ, ಅವಕಲ ಅಡ್ಡಕೊಯ್ತ (ಆ ದಿಕ್ಕಿಗೆ ಚದುರುವ ಪಾಲು) ಘನಕೋನದ ಮಾನವಾದ ಸ್ಟೆರೇಡಿಯನ್‌ಗೆ ಸುಮಾರು 13 ಮಿಲಿಬಾರ್ನ್. ಥಾಮ್ಸನ್ ಸೂತ್ರ ಅಲ್ಲಿ 40ರ ಹತ್ತಿರ ಕೊಡುತ್ತದೆ.