ಕೂಲಿಂಗ್ ರಿಪೇರಿ ಮುಗಿದ ಮೇಲೂ ಎಂಜಿನ್ ಬಿಸಿಯೇರಿದರೆ

ಮುಳ್ಳೇರಿಯದಿಂದ ಜಾಲ್ಸೂರು ಮಾರ್ಗವಾಗಿ ಮಡಿಕೇರಿಗೆ ಹೊರಟ ನಮ್ಮ ಹಳೆಯ ಪೆಟ್ರೋಲ್ ಕಾರಿಗೆ ರೇಡಿಯೇಟರ್ ಮತ್ತು ಹೋಸ್‌ಗಳನ್ನು ಬದಲಿಸಿ ಆಗ ಮೂರೇ ದಿನವಾಗಿತ್ತು. ಸುಳ್ಯದವರೆಗೆ ಏನೂ ತೊಂದರೆಯಿರಲಿಲ್ಲ. ಸಂಪಾಜೆ ದಾಟಿ ಘಾಟಿ ಏರತೊಡಗಿದಾಗ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಯನ್ನು ಮುಟ್ಟಿತು. ಇಂತಹ ಹೊತ್ತಿನಲ್ಲಿ ಹೊಸ ಭಾಗವೇ ಕೆಟ್ಟದ್ದೆಂದು ತಿಳಿದು ಮತ್ತೊಂದು ಭಾಗಕ್ಕೆ ಹಣ ಕೊಡುವುದು ಸಾಮಾನ್ಯ. ಅದಕ್ಕೆ ಮೊದಲು ರಿಪೇರಿಯಲ್ಲಿ ಏನನ್ನೆಲ್ಲ ಬಿಚ್ಚಲಾಗಿತ್ತು, ಎಂಜಿನ್ ಯಾವ ಸಂದರ್ಭದಲ್ಲಿ ಬಿಸಿಯೇರುತ್ತದೆ ಎಂಬ ಎರಡು ಸಂಗತಿಗಳನ್ನು ಗಮನಿಸಿದರೆ ದೋಷದ ಜಾಗ ಬಹುಮಟ್ಟಿಗೆ ತಿಳಿಯುತ್ತದೆ.

ಮುಳ್ಳು ಏರಿದ ಕೂಡಲೇ ಎಸಿ ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಸುರಕ್ಷಿತ ಜಾಗ ಸಿಕ್ಕಿದೊಡನೆ ನಿಲ್ಲಿಸಿ ಎಂಜಿನ್ ಆಫ್ ಮಾಡಬೇಕು. ರೇಡಿಯೇಟರಿನ ಮುಚ್ಚಳವನ್ನು ಆಗ ಮುಟ್ಟಲೇಬಾರದು. ಒಳಗಿನ ದ್ರವ ಒತ್ತಡದಲ್ಲಿರುವುದರಿಂದ 100 ಡಿಗ್ರಿ ಮೀರಿದ್ದರೂ ಕುದಿಯದೆ ಉಳಿದಿರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣವೇ ಅದು ಹಬೆಯಾಗಿ ಚಿಮ್ಮಿ ಮುಖ, ಕೈಗಳನ್ನು ಸುಡುತ್ತದೆ. ಕನಿಷ್ಠ ಒಂದು ಗಂಟೆ ಬಿಟ್ಟು, ಮೇಲಿನ ಹೋಸ್ ತಣ್ಣಗಾಗಿದೆಯೆಂದು ಖಚಿತಪಡಿಸಿಕೊಂಡ ಮೇಲೆ ದಪ್ಪ ಬೈರಾಸವನ್ನು ಹಾಕಿ ನಿಧಾನವಾಗಿ ತಿರುಗಿಸಬೇಕು. ಕಾದ ಎಂಜಿನ್ನಿಗೆ ತೋಡಿನ ತಣ್ಣೀರು ಸುರಿದರೆ ಅದರ ಮೇಲ್ಭಾಗವಾದ ಹೆಡ್ ಬಿರುಕು ಬಿಡುವ ಅಪಾಯವಿದೆ.

ಕೂಲಿಂಗ್ ವ್ಯವಸ್ಥೆಯನ್ನು ಖಾಲಿ ಮಾಡಿ ತುಂಬಿಸಿದ ಕಾರಿನಲ್ಲಿ ಮೊದಲು ಸಂಶಯಪಡಬೇಕಾದುದು ಒಳಗೆ ಸಿಕ್ಕಿಬಿದ್ದ ಗಾಳಿಯನ್ನು. ಗಾಳಿಯ ಗುಳ್ಳೆ ಎಂಜಿನ್ನಿನ ಎತ್ತರದ ಭಾಗದಲ್ಲಿ ನಿಂತರೆ ಅಲ್ಲಿಗೆ ಕೂಲೆಂಟ್, ಅಂದರೆ ಎಂಜಿನ್ನನ್ನು ತಣಿಸುವ ದ್ರವ, ತಲುಪುವುದಿಲ್ಲ. ಎಂಜಿನ್ ಬಿಸಿಯಾದಾಗ ತೆರೆದು ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್ ಆದ ಥರ್ಮೋಸ್ಟಾಟ್ ಸಮಯಕ್ಕೆ ತೆರೆಯದೆ ಇರಬಹುದು, ಮುಳ್ಳು ಒಮ್ಮೆಲೇ ಏರಿ ಒಮ್ಮೆಲೇ ಇಳಿಯಬಹುದು. ಮುಳ್ಳು ಮೇಲಿದ್ದರೂ ಹೀಟರಿನಿಂದ ತಣ್ಣನೆಯ ಗಾಳಿ ಬರುತ್ತಿದ್ದರೆ ಕೂಲೆಂಟ್ ಕಡಿಮೆಯಾಗಿದೆ ಅಥವಾ ಗಾಳಿ ತುಂಬಿದೆ ಎಂದು ತಿಳಿಯಬೇಕು. ಈ ಗಾಳಿಯನ್ನು ಹೊರಹಾಕಲು ನಮ್ಮ ಊರಿನ ಮನೆಗಳ ಅಂಗಳಕ್ಕೆ ಏರುವ ದಾರಿಯೇ ಅನುಕೂಲ. ಎಂಜಿನ್ ತಣ್ಣಗಿರುವಾಗ ಕಾರಿನ ಮುಂಭಾಗ ಎತ್ತರದಲ್ಲಿರುವಂತೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಚ್ಚಳ ತೆಗೆದು ಕೂಲೆಂಟನ್ನು ನಿಧಾನವಾಗಿ ತುಂಬಬೇಕು. ಗಾಳಿ ಬಿಡುವ ಸ್ಕ್ರೂ ಇದ್ದರೆ ಅದನ್ನು ಸಡಿಲಿಸಿ, ಗುಳ್ಳೆಯಿಲ್ಲದೆ ದ್ರವ ಹರಿಯುವವರೆಗೆ ಕಾದು ಬಿಗಿಯಬೇಕು. ಬಳಿಕ ಹೀಟರನ್ನು ಪೂರ್ತಿ ಬಿಸಿಗಿಟ್ಟು ಎಂಜಿನ್ ಚಾಲೂ ಮಾಡಿ, ಮೇಲಿನ ಹೋಸನ್ನು ಆಗಾಗ ಹಿಸುಕುತ್ತಿದ್ದರೆ ಗುಳ್ಳೆಗಳು ಹೊರಬರುತ್ತವೆ. ಥರ್ಮೋಸ್ಟಾಟ್ ತೆರೆದಾಗ ಮಟ್ಟ ಹಠಾತ್ತಾಗಿ ಇಳಿಯುತ್ತದೆ. ಆಗ ಮತ್ತೆ ತುಂಬಿ ಮುಚ್ಚಬೇಕು. ಫ್ಯಾನ್ ಯಾವ ಕ್ಷಣದಲ್ಲಾದರೂ ತಿರುಗಬಹುದಾದುದರಿಂದ ಕೈಯನ್ನು ಅದರಿಂದ ದೂರವಿಡಬೇಕು.

ಎರಡನೆಯದಾಗಿ ಮುಚ್ಚಳ. ರೇಡಿಯೇಟರ್ ಹೊಸದಾದರೂ ಹಳೆಯ ಮುಚ್ಚಳವನ್ನೇ ಹಾಕುವವರಿದ್ದಾರೆ, ನಮ್ಮ ಕಾರಿನಲ್ಲಿ ಆದದ್ದೂ ಅದೇ. ಸುಮಾರು 1 ಬಾರ್ ಒತ್ತಡ ಹಿಡಿಯುವ ಮುಚ್ಚಳವಿದ್ದರೆ ಬರಿಯ ನೀರು ಕೂಡ 120 ಡಿಗ್ರಿಯ ಆಸುಪಾಸಿನವರೆಗೆ ಕುದಿಯುವುದಿಲ್ಲ. ಅದರ ಸ್ಪ್ರಿಂಗ್ ಅಥವಾ ರಬ್ಬರ್ ಸೋತರೆ ಈ ರಕ್ಷಣೆ ಇರುವುದಿಲ್ಲ. ಮಡಿಕೇರಿಯ ಎತ್ತರದಲ್ಲಿ ತೆರೆದ ನೀರು 96 ಡಿಗ್ರಿಯ ಸುಮಾರಿಗೇ ಕುದಿಯುವುದರಿಂದ ಸೋತ ಮುಚ್ಚಳದ ದೋಷ ಘಟ್ಟದಲ್ಲಿ ಬೇಗ ಬಯಲಾಗುತ್ತದೆ. ಮುಚ್ಚಳದಲ್ಲಿರುವ ಇನ್ನೊಂದು ಚಿಕ್ಕ ವಾಲ್ವ್, ಎಂಜಿನ್ ತಣಿಯುವಾಗ, ಉಕ್ಕಿದ ಕೂಲೆಂಟ್ ಸೇರುವ ಪಕ್ಕದ ಪ್ಲಾಸ್ಟಿಕ್ ಡಬ್ಬಿಯ ಕೂಲೆಂಟನ್ನು ರೇಡಿಯೇಟರಿಗೆ ಮರಳಿ ಎಳೆದುಕೊಳ್ಳಲು ಬಿಡುತ್ತದೆ. ಅದು ಅಂಟಿಕೊಂಡಿದ್ದರೆ ತಣಿದ ಎಂಜಿನ್ನಿನ ಮೇಲಿನ ಹೋಸ್ ಚಪ್ಪಟೆಯಾಗಿರುತ್ತದೆ, ಡಬ್ಬಿ ತುಂಬಿದ್ದರೂ ರೇಡಿಯೇಟರಿನಲ್ಲಿ ಕೊರತೆಯಿರುತ್ತದೆ. ನಾನು ಡಬ್ಬಿಯನ್ನು ಮಾತ್ರ ನೋಡಿ ನೆಮ್ಮದಿಯಿಂದ ಹೊರಟಿದ್ದೆ. ರೇಡಿಯೇಟರಿಗೆ ಮುಚ್ಚಳವಿರುವ ಕಾರುಗಳಲ್ಲಿ ತಣ್ಣಗಿರುವಾಗ ಅದನ್ನು ತೆಗೆದು ನೋಡದೆ ಮಟ್ಟದ ಬಗ್ಗೆ ಏನನ್ನೂ ನಂಬಬಾರದು. ಬದಲಿಸುವಾಗ ಹಳೆಯದರ ಮೇಲೆ ಬರೆದಿರುವ ಒತ್ತಡದ ಅಂಕಿಯದ್ದನ್ನೇ ಕೇಳಿ ಪಡೆಯಬೇಕು.

ಇವೆರಡೂ ಸರಿಯಿದ್ದರೆ ಬಿಸಿಯೇರುವ ಸಂದರ್ಭವನ್ನು ನೋಡಬೇಕು. ಕಾಸರಗೋಡು ಪೇಟೆಯ ವಾಹನಗಳ ಸಾಲಿನಲ್ಲಿ ನಿಂತಾಗ ಮುಳ್ಳು ಏರಿ, ಹೆದ್ದಾರಿಯಲ್ಲಿ ಓಡುವಾಗ ಇಳಿದರೆ ಫ್ಯಾನ್ ಕಡೆ ದೋಷವಿದೆ: ರೇಡಿಯೇಟರ್ ಬಿಚ್ಚಿದವರು ವಯರಿನ ಕನೆಕ್ಟರ್ ಸಿಕ್ಕಿಸಲು ಮರೆತಿರಬಹುದು, ಫ್ಯೂಸ್ ಅಥವಾ ರಿಲೇ ಹೋಗಿರಬಹುದು, ವಯರ್ ಅದಲುಬದಲಾಗಿ ಫ್ಯಾನ್ ಹಿಂದುಮುಂದಾಗಿ ತಿರುಗುತ್ತಿರಬಹುದು. ಎಸಿ ಹಾಕಿದಾಗ ಸಾಮಾನ್ಯವಾಗಿ ಫ್ಯಾನ್ ತಿರುಗಬೇಕು. ಆಗ ಮುಂಭಾಗದಲ್ಲಿ ಹಿಡಿದ ಕಾಗದದ ತುಂಡು ರೇಡಿಯೇಟರಿನ ಕಡೆಗೆ ಸೆಳೆಯಲ್ಪಡಬೇಕು. ಇದಕ್ಕೆ ತದ್ವಿರುದ್ಧವಾಗಿ ನಿಂತಾಗ ಸರಿಯಿದ್ದು, ವೇಗದಲ್ಲಿ ಅಥವಾ ಏರಿನಲ್ಲಿ ಬಿಸಿಯೇರಿದರೆ ಹರಿವು ಸಾಲುತ್ತಿಲ್ಲ ಎಂದರ್ಥ. ಥರ್ಮೋಸ್ಟಾಟಿನ ಸ್ಪ್ರಿಂಗ್ ಇರುವ ಬದಿ ಎಂಜಿನ್ನಿನ ಕಡೆಗಿರಬೇಕು. ತಿರುಗಿಸಿ ಕೂರಿಸಿದ್ದರೆ ಅದು ಸರಿಯಾದ ಬಿಸಿಗೆ ತೆರೆಯುವುದಿಲ್ಲ. ಬಿಚ್ಚಿ ಪಾತ್ರೆಯ ನೀರಿನಲ್ಲಿ ಕುದಿಸಿದರೆ ಅದು ತೆರೆಯುವುದು ಕಣ್ಣಿಗೇ ಕಾಣುತ್ತದೆ. ಅದನ್ನು ತೆಗೆದೇಬಿಟ್ಟು ಓಡಿಸುವ ಸಲಹೆಯನ್ನು ನಾನು ಒಪ್ಪುವುದಿಲ್ಲ; ಎಂಜಿನ್ ಸರಿಯಾದ ಬಿಸಿಗೆ ಬರದೆ ಸವೆಯುತ್ತದೆ. ವಾಟರ್ ಪಂಪಿನ ರೆಕ್ಕೆ ಸವೆದಿರುವುದು, ಕೆಳಗಿನ ಹೋಸ್ ವೇಗದಲ್ಲಿ ಒಳಕ್ಕೆ ಕುಸಿಯುವುದು, ಸೋರಿಕೆ ನಿಲ್ಲಿಸುವ ಪುಡಿಯಿಂದ ನಾಳಗಳು ಕಟ್ಟಿಕೊಳ್ಳುವುದು ಸಹ ಇದೇ ಲಕ್ಷಣ ತೋರಿಸುತ್ತವೆ.

ಗಾಳಿಯನ್ನು ಎಷ್ಟು ಬಾರಿ ತೆಗೆದರೂ ಗುಳ್ಳೆ ನಿಲ್ಲದಿದ್ದರೆ, ತಣ್ಣನೆಯ ಎಂಜಿನ್ ಚಾಲೂ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಗಟ್ಟಿಯಾದರೆ, ಸೋರಿಕೆ ಕಾಣದೆ ಕೂಲೆಂಟ್ ಇಳಿಯುತ್ತಿದ್ದರೆ, ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬಂದರೆ ಹೆಡ್ ಮತ್ತು ಎಂಜಿನ್ ಬ್ಲಾಕಿನ ನಡುವೆ ಸೋರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಹೆಚ್ಚು. ಮೊದಲ ಬಾರಿ ಬಿಸಿಯೇರಿದಾಗಲೇ ಆದ ಈ ಹಾನಿ ರೇಡಿಯೇಟರ್ ಬದಲಿಸುವುದರಿಂದ ಸರಿಹೋಗದು. ಕೂಲೆಂಟಿನಲ್ಲಿ ಹೊಗೆಯ ಅನಿಲವಿದೆಯೇ ಎಂದು ಬಣ್ಣ ಬದಲಾಗುವ ದ್ರವದಿಂದ ಪರೀಕ್ಷಿಸಿಕೊಡುವಂತೆ ಗ್ಯಾರೇಜಿನಲ್ಲಿ ಕೇಳಬೇಕು. ಅಲ್ಲಿಯವರೆಗೆ ಕಾರು ಓಡಿಸಬಾರದು.

ತುಂಬಿಸುವುದಕ್ಕೆ ಬಾವಿಯ ನೀರು ಬೇಡ. ನಮ್ಮ ಕಡಲತಡಿಯ ಬಾವಿಗಳಲ್ಲಿ ಬೇಸಿಗೆಯಲ್ಲಿ ಉಪ್ಪಿನಂಶ ಏರುತ್ತದೆ, ಅದು ಅಲ್ಯೂಮಿನಿಯಂ ಭಾಗಗಳನ್ನು ತಿನ್ನುತ್ತದೆ. ತಯಾರಕರು ಹೇಳಿದ ಬಗೆಯ ಕೂಲೆಂಟನ್ನು, ಬೆರೆಸಬೇಕಾದದ್ದಾದರೆ ಡಿಸ್ಟಿಲ್ಡ್ ನೀರಿನೊಂದಿಗೆ, ಹಾಕಬೇಕು.

ಎಲ್ಲ ಮುಗಿದ ಬಳಿಕ ನೇರ ಘಾಟಿಗೆ ಹೊರಡದೆ, ಚೆರ್ಕಳದಿಂದ ಬೋವಿಕ್ಕಾನದವರೆಗೆ ಹೋಗಿ ಬಂದು, ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಮುಚ್ಚಳ ತೆಗೆದು ಮಟ್ಟವನ್ನು ಇನ್ನೊಮ್ಮೆ ನೋಡಬೇಕು; ಸ್ವಲ್ಪ ಇಳಿದಿದ್ದರೆ ತುಂಬಿ, ಅದರ ಮರುದಿನವೂ ಇಳಿದಿದ್ದರೆ ಸೋರಿಕೆಯನ್ನು ಹುಡುಕಬೇಕು.